ಕೈಬಿಟ್ಟ ಎಂಟು ಇಲಿಗಳು

ಕಮಿಸಾವಾ
ಜೂನ್ 4, 2008

ಚಿಗುಸಾ,

ಮೊದಲು ಹವಾಮಾನದ ಬಗ್ಗೆ ಎರಡು ಸಾಲು ಬರೆದು ಆಮೇಲೆ ವಿಷಯಕ್ಕೆ ಬರಬೇಕು ಎಂದು ನಿನಗೆ ಶಾಲೆಯಲ್ಲಿ ಕಲಿಸಿದ್ದಾರೆ. ನನಗೆ ಅಷ್ಟು ಪುರುಸೊತ್ತಿಲ್ಲ. ಎರಡು ಪಟ್ಟಿ ಸಸಿ ನೆಡುವುದು ಇನ್ನೂ ಬಾಕಿ ಇದೆ.

ಇದರ ಜೊತೆಗಿರುವ ತುಣುಕು ನೋಡು. ನಮ್ಮ ಹೊಗೆಸೊಪ್ಪು ಬೆಳೆಗಾರರ ಸಂಘದ ಈ ತಿಂಗಳ ಪತ್ರಿಕೆಯದು. ‘ಮಿತವಾಗಿ ಸೇದಿದರೆ ಮಿದುಳಿಗೆ ಹಾನಿಯಿಲ್ಲ: ಸೆಂಡೈ ಸಂಶೋಧಕರ ಮಾತು’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಮೊದಲು ನಿಮ್ಮ ಪ್ರೊಫೆಸರ್ ಒಗಿನೊ ಹೆಸರು, ಆಮೇಲೆ ಇನ್ಯಾರದೋ, ಮೂರನೆಯದು ನಿನ್ನದು. ಫುರುದಾತೆ ಚಿಗುಸಾ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ.

ಸಂಘದ ಅಧ್ಯಕ್ಷ ತಮಯಾಮಾ ತಾನೇ ತಂದುಕೊಟ್ಟ. “ಕಿನು ಅಕ್ಕಾ, ನಿಮ್ ಮಗಳು ಸೆಂಡೈನಲ್ಲಿ ಇಲಿ ಸಾಕ್ತಾಳೆ ಅಂತ ಇಷ್ಟು ವರ್ಷ ನಗ್ತಿದ್ವಿ. ಈಗ ನೋಡಿ, ಆ ಇಲಿನೇ ನಮ್ಮನ್ನ ಸಾಕೋ ಹಾಗಾಯ್ತು” ಅಂದ. ಉಪ್ಪಿನಲ್ಲಿಟ್ಟ ಮೂಲಂಗಿ ಒಂದು ಡಬ್ಬಿ ಕೊಟ್ಟು ಕಳಿಸಿದೆ.

ನಾನು ಬೆಳೆಯುವುದು ವಿಷ ಎಂದು ಟಿವಿಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಬಸ್ಸಿನಲ್ಲಿ ಪಕ್ಕ ಕೂತವಳು ಏನು ಬೆಳೆ ಅಂತ ಕೇಳಿದರೆ ಮೆಣಸಿನಕಾಯಿ ಅಂದುಬಿಡುತ್ತಿದ್ದೆ. ಇನ್ನು ಹಾಗೆ ಹೇಳುವುದಿಲ್ಲ. ನಿಮ್ಮಪ್ಪನ ಫೋಟೋ ಮುಂದೆ ಒಂದು ಸಿಗರೇಟು ಹಚ್ಚಿಟ್ಟೆ, ಒಂದು ನಾನೂ ಸೇದಿದೆ.

ನಿನ್ನ ತಾಯಿ,
ಕಿನು

—

ಸೆಂಡೈ
ಜೂನ್ 19

ಅಮ್ಮ,

ಇಲ್ಲಿ ಮಳೆ ಹಿಡಿದುಕೊಂಡಿದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗಿಲ್ಲ. ಎರಡು ಸಾಲು ಮುಗಿಯಿತು.

ನಿನ್ನ ಪತ್ರವನ್ನು ಹತ್ತು ಹನ್ನೆರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಸುಮ್ಮನೆ ‘ಸಂತೋಷ’ ಎಂದು ಬರೆದು ಕಳಿಸಬಹುದಿತ್ತು. ಹಾಗೆ ಬರೆದ ಎರಡು ಹಾಳೆಗಳನ್ನು ಹರಿದು ಹಾಕಿದ್ದೇನೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ. ಬೆಳೆದು ನಿಂತ ಮಿದುಳಿನಲ್ಲೂ ಒಂದು ಸಣ್ಣ ಬಾಗಿದ ಜಾಗದಲ್ಲಿ ದಿನವೂ ಹೊಸ ನರಕೋಶಗಳು ಹುಟ್ಟುತ್ತವೆ. ಹೊಸ ದಾರಿ, ಹೊಸ ಜಾಗ ನೆನಪಿಡಲು ಅವು ಬೇಕೆಂದು ತೋರುತ್ತದೆ. ಇಲಿಗಳಲ್ಲಿ ಹೀಗೆ ಹುಟ್ಟುವುದು ಖಚಿತ. ಮನುಷ್ಯರಲ್ಲಿ ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಇಲಿಗಳು ಒಂದು ತೂತಿಗೆ ಮೂತಿ ಇಟ್ಟರೆ ಅವುಗಳ ರಕ್ತಕ್ಕೆ ಒಂದಿಷ್ಟು ನಿಕೋಟಿನ್ ಹೋಗುತ್ತದೆ. ಯಾರೂ ಬಲವಂತ ಮಾಡುವುದಿಲ್ಲ. ಅವೇ ಬಂದು ಬೇಡುತ್ತವೆ. ಆರು ವಾರದ ನಂತರ ಅವುಗಳ ಮಿದುಳನ್ನು ತೆಳ್ಳಗೆ ಕೊಯ್ದು, ಹೊಸ ಕೋಶಗಳಿಗೆ ಮಾತ್ರ ಹಿಡಿಯುವ ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸುತ್ತಾರೆ. ಮೈಕ್ರೊಸ್ಕೋಪಿನಲ್ಲಿ ನೋಡಿ ಅವನ್ನು ಒಂದೊಂದಾಗಿ ಎಣಿಸುವವಳು ನಾನು.

ಯಾವ ಗಾಜು ಯಾವ ಇಲಿಯದು, ಅದಕ್ಕೆ ಎಷ್ಟು ನಿಕೋಟಿನ್ ಸಿಕ್ಕಿತ್ತು ಎಂಬುದು ನನಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಆ ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು ಎಣಿಕೆ ಮುಗಿದ ಮೇಲೆ ತೆರೆಯುತ್ತಾರೆ.

ಒಟ್ಟು ಅರವತ್ತನಾಲ್ಕು ಇಲಿಗಳು. ನಿಕೋಟಿನ್ ಇಲ್ಲದವು, ಕಡಿಮೆ, ಮಧ್ಯಮ, ಹೆಚ್ಚು, ಹೀಗೆ ನಾಲ್ಕು ಗುಂಪು, ಗುಂಪಿಗೆ ಹದಿನಾರು. ಹೆಚ್ಚು ಸಿಕ್ಕವುಗಳಲ್ಲಿ ಹೊಸ ಕೋಶಗಳು ಅರ್ಧಕ್ಕಿಳಿದಿದ್ದವು. ಕಡಿಮೆ ಸಿಕ್ಕವುಗಳಲ್ಲೂ ಸ್ಪಷ್ಟವಾಗಿ ಇಳಿದಿದ್ದವು. ಲಕೋಟೆ ತೆರೆದು ಒಂದು ವಾರವಾದ ಮೇಲೆ, ಆ ಕಡಿಮೆ ಗುಂಪಿನಲ್ಲಿ ಎಲ್ಲಕ್ಕಿಂತ ಕಡಿಮೆ ಎಣಿಕೆ ಬಂದ ಎಂಟು ಇಲಿಗಳನ್ನು ‘ಬಣ್ಣ ಸರಿಯಾಗಿ ಹಿಡಿದಿಲ್ಲ’ ಎಂದು ಪ್ರೊಫೆಸರ್ ಕೈಬಿಟ್ಟರು. ಉಳಿದ ಎಂಟನ್ನು ಇಟ್ಟುಕೊಂಡರೆ ಹಾನಿಯೇ ಕಾಣುವುದಿಲ್ಲ. ಪ್ರಬಂಧ ಅಚ್ಚಾದ ಮೇಲಷ್ಟೇ ನನಗೆ ಇದು ಗೊತ್ತಾಯಿತು. ಗೊತ್ತಾಗಿ ನಾಲ್ಕು ತಿಂಗಳಾಗಿದೆ. ಸುಮ್ಮನಿದ್ದೇನೆ.

ಆ ತುಣುಕಿನಲ್ಲಿರುವುದು ನಿಜವಲ್ಲ ಅಮ್ಮ. ನನ್ನ ಹೆಸರನ್ನು ಬಿಟ್ಟು.

ಚಿಗುಸಾ

—

ಕಮಿಸಾವಾ
ಜೂನ್ 28

ಚಿಗುಸಾ,

ನಲವತ್ತೆಂಟು ವರ್ಷದಿಂದ ನಾನು ಎಲೆ ಆಯುತ್ತಿದ್ದೇನೆ. ತೂತು ಬಿದ್ದದ್ದು, ಮಚ್ಚೆ ಹಿಡಿದದ್ದು, ಬಲಿಯದೆ ಹಸಿರುಳಿದದ್ದು, ಎಲ್ಲವನ್ನೂ ಒಳ್ಳೆಯ ಕಂತೆಯಿಂದ ಎತ್ತಿ ಹಾಕುತ್ತೇನೆ. ಮಾಡದವಳನ್ನು ಸೋಮಾರಿ ಅನ್ನುತ್ತಾರೆ. ನಾನು ಆಯ್ದರೆ ಕಸುಬು, ನಿನ್ನ ಪ್ರೊಫೆಸರ್ ಆಯ್ದರೆ ಮೋಸವೇ? ನಿನಗಿಂತ ಇಪ್ಪತ್ತು ವರ್ಷ ಹೆಚ್ಚು ಓದಿದವನಿಗೆ ಯಾವ ಗಾಜು ಕೆಟ್ಟಿದೆ ಎಂದು ಕಾಣುವುದಿಲ್ಲವೇ?

ನಿಮ್ಮಪ್ಪ ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದರು. ಈ ಕಣಿವೆಯಲ್ಲಿ ಯಾರ ಸೊಸೆಯ ತವರು ಯಾವುದು, ಯಾರ ಹಸು ಯಾವ ವರ್ಷ ಸತ್ತಿತು, ಎಲ್ಲ ಬಾಯಲ್ಲಿತ್ತು. ಅವರ ತಲೆಯಲ್ಲಿ ಹೊಸ ಕೋಶ ಹುಟ್ಟಲಿಲ್ಲವೆಂದು ಯಾವ ಗಾಜಿನಲ್ಲಿ ನೋಡಿದ್ದೀಯ?

ಇಲಿಗಳೇ ಮೂತಿ ಚಾಚಿ ಬೇಡುತ್ತವೆ ಎಂದು ಬರೆದಿದ್ದೀಯ. ನನಗಿಂತ ಜಾಣ ಇಲಿಗಳು. ನಾನು ಅಂಗಡಿಗೆ ನಡೆದುಹೋಗಬೇಕು.

ಇದನ್ನು ಬೇರೆ ಯಾರಿಗೂ ಹೇಳಬೇಡ. ನೀನು ಓದಿದ್ದು ಈ ಎಲೆಯಿಂದ.

ಕಿನು

—

ಸೆಂಡೈ
ಜುಲೈ 21

ಅಮ್ಮ,

ನಾನು ಓದಿದ್ದು ಆ ಎಲೆಯಿಂದಲೇ. ಮರೆತಿಲ್ಲ. ಹನ್ನೊಂದು ವರ್ಷದವಳಿದ್ದಾಗ ಇಬ್ಬನಿ ಆರುವ ಮುಂಚೆ ತಳದೆಲೆ ಕೀಳಲು ಬಂದು, ಅಂಗಿ ಒದ್ದೆಯಾಗಿ, ಸಾಲಿನ ಮಧ್ಯೆ ವಾಂತಿ ಮಾಡಿಕೊಂಡು ಬಿದ್ದಿದ್ದೆ. ಸೇದದೆಯೇ ಚರ್ಮದಿಂದಲೇ ನಿಕೋಟಿನ್ ಒಳಗಿಳಿಯುತ್ತದೆ. “ಏನಾಗಲ್ಲ, ಎಲೆ ನಿನ್ನ ಪರಿಚಯ ಮಾಡ್ಕೊಳ್ತಿದೆ” ಎಂದು ನೀನು ಬೆನ್ನು ತಟ್ಟಿದ್ದೆ. ಆ ಮಾತು ನನಗೆ ಇಷ್ಟವಾಗಿತ್ತು. ಈಗಲೂ ಇಷ್ಟವೇ.

ಆಯುವ ಮಾತಿಗೆ ಬರುತ್ತೇನೆ. ನೀನು ಕಂತೆಯಿಂದ ಎತ್ತಿದ ಎಲೆ ಎಲ್ಲಿಗೆ ಹೋಗುತ್ತದೆ? ನಿನ್ನ ಎಡಗಡೆಯ ಇನ್ನೊಂದು ಕಂತೆಗೆ. ಅದಕ್ಕೂ ದಾರ ಕಟ್ಟುತ್ತೀಯ, ಅದೂ ತಕ್ಕಡಿ ಏರುತ್ತದೆ. ತೂತಿನೆಲೆಯನ್ನೆಲ್ಲ ಒಲೆಗೆ ಹಾಕಿ, ಈ ವರ್ಷ ನಮ್ಮ ಹೊಲದಲ್ಲಿ ಹುಳುವೇ ಬೀಳಲಿಲ್ಲ ಎಂದು ನೀನು ಯಾವತ್ತೂ ಹೇಳಿದ್ದಿಲ್ಲ. ಇನ್ನೊಂದು ಮಾತು. ಆಯುವಾಗ ನೀನು ಎಲ್ಲ ಎಲೆಯನ್ನೂ ಬೆಳಕಿಗೆ ಹಿಡಿಯುತ್ತೀಯ. ಪ್ರೊಫೆಸರ್ ಅರವತ್ತನಾಲ್ಕನ್ನೂ ನೋಡಲಿಲ್ಲ. ಎಣಿಕೆ ಗೊತ್ತಾದ ಮೇಲೆ, ತಮಗೆ ಬೇಡವಾದ ಎಂಟನ್ನು ಮಾತ್ರ ನೋಡಿದರು.

ನಿನ್ನ ಪತ್ರ ಬಂದ ವಾರ ಅವರ ಕೋಣೆಗೆ ಹೋಗಿ ಕೇಳಿದೆ.

“ಫುರುದಾತೆ ಅವ್ರೇ, ಕಣ್ಣು ದಣಿಯುತ್ತೆ. ಬಣ್ಣ ತೆಳುವಾಗಿದ್ರೆ ಕೋಶ ಇದ್ರೂ ಕಾಣಲ್ಲ. ನಿಮ್ಮ ತಪ್ಪು ಅಂತ ನಾನೇನೂ ಹೇಳ್ತಿಲ್ಲ” ಅಂದರು.

“ಹಾಗಿದ್ರೆ ಎಲ್ಲ ಗಾಜನ್ನೂ ಮತ್ತೆ ನೋಡೋಣ ಸರ್. ಲಕೋಟೆ ಮುಚ್ಚಿಟ್ಟು.”

“ಅಷ್ಟು ಸಮಯ ಯಾರಿಗಿದೆ?” ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. “ನಿಮ್ಮ ಮನೇಲಿ ಹೊಗೆಸೊಪ್ಪು ಬೆಳೀತಾರಲ್ವಾ? ಇದ್ರಿಂದ ಎಲ್ಲರಿಗಿಂತ ಹೆಚ್ಚು ಖುಷಿ ನಿಮಗಾಗ್ಬೇಕಿತ್ತು.”

ಈ ಸಂಶೋಧನೆಗೆ ಹಣ ಕೊಟ್ಟಿದ್ದು ಹೊಗೆಸೊಪ್ಪು ವ್ಯಾಪಾರದವರ ಒಂದು ನಿಧಿ. ಇಷ್ಟೇ ಬರೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲವೇನೋ.

ನನ್ನನ್ನೇ ನಾನು ಕೇಳಿಕೊಳ್ಳುತ್ತಿದ್ದೇನೆ. ಹದಿನೇಳು ವರ್ಷ ಎಣಿಸಿಯೂ ಇನ್ನೂ ಒಂದೊಂದೇ ವರ್ಷದ ಗುತ್ತಿಗೆಗೆ ಸಹಿ ಮಾಡುವವಳು ನಾನು. ಆ ಸಿಟ್ಟಿಗೆ ಸತ್ಯದ ಹೆಸರು ಕೊಡುತ್ತಿದ್ದೇನೆಯೇ? ಇರಬಹುದು. ಆದರೆ ನನ್ನ ಸಿಟ್ಟು ನಿಜವಾದರೂ ಸುಳ್ಳಾದರೂ ಇಲಿಗಳು ಎಂಟೇ.

ಚಿಗುಸಾ

—

ಕಮಿಸಾವಾ
ಆಗಸ್ಟ್ 3

ಎಲೆ ಕೀಳುತ್ತಿದ್ದೇವೆ. ಬರೆಯಲು ಸಮಯವಿಲ್ಲ.

ಬೋನ್ ಹಬ್ಬಕ್ಕೆ ಸತ್ತವರೆಲ್ಲ ಮನೆಗೆ ಬರುತ್ತಾರೆ, ನೀನೂ ಬರುವುದಾದರೆ ಬಾ. ಬರದಿದ್ದರೆ ನಿಮ್ಮಪ್ಪನಿಗೆ ನಾನೇ ಏನಾದರೂ ಹೇಳುತ್ತೇನೆ.

ಕಿನು

—

ಸೆಂಡೈ
ಅಕ್ಟೋಬರ್ 12

ಅಮ್ಮ,

ಹಬ್ಬದ ಮೂರು ದಿನ ನಾವು ಬದನೆಕಾಯಿಯ ಬಗ್ಗೆ, ಚಾವಣಿಯ ತಗಡಿನ ಬಗ್ಗೆ, ಚಿಕ್ಕಮ್ಮನ ಮಂಡಿನೋವಿನ ಬಗ್ಗೆ ಮಾತಾಡಿದೆವು. ಮುನ್ನೂರು ಹಗ್ಗ ಎಲೆ ನೇತುಹಾಕಿದೆವು. ಅಪ್ಪನ ಸಮಾಧಿಯ ಮೇಲೆ ನೀನು ಎಂದಿನಂತೆ ಒಂದು ಸಿಗರೇಟು ಹಚ್ಚಿ ನಿಲ್ಲಿಸಿದೆ. ಅದು ಬೂದಿಯಾಗುವವರೆಗೆ ಇಬ್ಬರೂ ನೋಡುತ್ತ ನಿಂತೆವು. ನೀನು ಮಾತ್ರ ಮೂರು ದಿನವೂ ಸೇದಲು ಕೊಟ್ಟಿಗೆಯ ಹಿಂದಕ್ಕೆ ಹೋಗುತ್ತಿದ್ದೆ. ನನ್ನೆದುರು ಸೇದದೆ ಹೋದದ್ದು ಇದೇ ಮೊದಲು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ಹೇಳಲೇಬೇಕಾದದ್ದು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಇಲಿಮನೆಯ ಹಿಂದಿನ ಸ್ಮಾರಕದ ಕಲ್ಲಿನ ಮುಂದೆ, ಆ ವರ್ಷ ಅಚ್ಚಾದ ಪ್ರಬಂಧಗಳಿಗಾಗಿ ಸತ್ತ ಪ್ರಾಣಿಗಳಿಗೆ ಹೂವಿಟ್ಟು ನಮಸ್ಕಾರ ಮಾಡುತ್ತೇವೆ. ಪ್ರತಿ ವಿಭಾಗದಿಂದ ಒಬ್ಬರು ತಮ್ಮ ಪ್ರಾಣಿಗಳ ಸಂಖ್ಯೆ ಓದಬೇಕು. ಯಾರಿಗೂ ಬೇಡದ ಕೆಲಸವಾದ್ದರಿಂದ ಎಲ್ಲರಿಗಿಂತ ಕೆಳಗಿನವರಿಗೆ ಬರುತ್ತದೆ. ನಮ್ಮ ವಿಭಾಗದಲ್ಲಿ ಹದಿನೇಳು ವರ್ಷದಿಂದ ನಾನೇ ಓದುತ್ತಿದ್ದೇನೆ.

ಈ ವರ್ಷ ಪ್ರೊಫೆಸರ್ ಕೊಟ್ಟ ಚೀಟಿಯಲ್ಲಿ ಐವತ್ತಾರು ಎಂದಿದೆ. ಪ್ರಬಂಧಕ್ಕೆ ಹೊಂದಬೇಕಲ್ಲ. ಅದನ್ನು ಇಲಿಮನೆಯ ಯಹಾಬಾ ಅವರಿಗೆ ತೋರಿಸಿದೆ. ಅವರಿಗೆ ನಿನ್ನದೇ ವಯಸ್ಸು. ಪ್ರತಿ ಇಲಿಯ ಸಂಖ್ಯೆಯನ್ನೂ ಅದು ಸತ್ತ ದಿನವನ್ನೂ ಕೈಬರಹದಲ್ಲಿ ಬರೆದಿಡುತ್ತಾರೆ.

“ಐವತ್ತಾರಾ? ಅರವತ್ತನಾಲ್ಕು ಹೆಣ ಹೊತ್ತಿದೀನಿ ನಾನು. ಮಿಕ್ಕ ಎಂಟು ಏನು, ಎದ್ದು ಓಡೋದ್ವಾ?” ಅಂದರು.

“ಬಣ್ಣ ಹಿಡಿದಿಲ್ವಂತೆ ತಾತ.”

“ಬಣ್ಣ ಹಿಡೀದಿದ್ರೆ ಸತ್ತಿಲ್ಲ ಅಂತಾನಾ ಲೆಕ್ಕ? ನೀನು ಅದೇನು ಓದ್ತೀಯೋ ನಿನ್ನಿಷ್ಟ ಕಣಮ್ಮ. ನನ್ ಪುಸ್ತಕದಲ್ಲಿ ಒಂದಕ್ಷರ ತಿದ್ದಲ್ಲ.”

ಹತ್ತೊಂಬತ್ತನೇ ತಾರೀಖು ನಾನು ಅರವತ್ತನಾಲ್ಕು ಎಂದು ಓದುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಊರಿನಲ್ಲಿ ಇದರ ಬಿಸಿ ತಟ್ಟುವುದು ನಿನಗೆ. ಅದಕ್ಕೇ ಮೊದಲು ತಿಳಿಸುತ್ತಿದ್ದೇನೆ.

ಚಿಗುಸಾ

—

ಸೆಂಡೈ
ಅಕ್ಟೋಬರ್ 20

ಅಮ್ಮ,

ಓದಿದೆ.

ಸುಮಾರು ನಲವತ್ತು ಜನ ಇದ್ದರು. ನನ್ನ ಸರದಿ ಬಂದಾಗ ಚೀಟಿಯನ್ನು ಜೇಬಿನಲ್ಲೇ ಬಿಟ್ಟು, “ಅರವತ್ತನಾಲ್ಕು ಇಲಿಗಳು. ಇವುಗಳಲ್ಲಿ ಎಂಟನ್ನು ನಮ್ಮ ಪ್ರಬಂಧದಿಂದ ಕೈಬಿಡಲಾಗಿದೆ” ಎಂದು ಹೇಳಿ ಆ ಎಂಟರ ಸಂಖ್ಯೆಗಳನ್ನು ಓದಿದೆ. ಇಪ್ಪತ್ತೊಂದು, ಇಪ್ಪತ್ನಾಲ್ಕು, ಇಪ್ಪತ್ತೈದು, ಹೀಗೆ. ಆಮೇಲೆ ಸೇವಂತಿಗೆ ಇಟ್ಟು ಪಕ್ಕಕ್ಕೆ ಸರಿದೆ.

ಪ್ರೊಫೆಸರ್ ತಮ್ಮ ಹೂವಿಟ್ಟು, ತಲೆಬಾಗಿ, ಮೆಟ್ಟಿಲ ಹತ್ತಿರ ನನಗಾಗಿ ಕಾದರು.

“ಸತ್ತವರ ಮುಂದೆ ಇದೆಲ್ಲ ತರಬಾರದಿತ್ತು.”

“ಸತ್ತವರ ಮುಂದೆ ಕಡಿಮೆ ಓದಬಾರದು ಅನ್ನಿಸ್ತು ಸರ್.”

ಅವರು ಸಿಟ್ಟು ಮಾಡಲಿಲ್ಲ. ಬಹಳ ದಣಿದವರಂತೆ ಕಂಡರು. ಒಂದು ಗಳಿಗೆ ಪಾಪ ಅನ್ನಿಸಿತು, ಆಮೇಲೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಕೋಪ ಬಂತು. ಇವತ್ತು ಬೆಳಿಗ್ಗೆ ಸಂಶೋಧನಾಲಯದ ಕಚೇರಿಯಿಂದ ಕರೆ ಬಂದಿದೆ. ವಿಚಾರಣೆ ನಡೆಸುತ್ತಾರಂತೆ.

ಚಿಗುಸಾ

—

ಕಮಿಸಾವಾ
ನವೆಂಬರ್ 30

ಚಿಗುಸಾ,

ಆರು ವಾರ ಬರೆಯಲಿಲ್ಲ. ಬರೆಯಬಾರದೆಂದೇ ಸುಮ್ಮನಿದ್ದೆ.

ವಿಚಾರಣೆಯ ಸುದ್ದಿ ಸಂಘದವರಿಗೆ ತಲುಪಿತು. ಈ ಸಲ ಒಣಗಿದ ಎಲೆಯ ಹಗ್ಗ ಇಳಿಸಲು ಅಕ್ಕಪಕ್ಕದವರು ಯಾರೂ ಬರಲಿಲ್ಲ. ಅವರೆಲ್ಲರ ಹಗ್ಗ ಇಳಿಸಲು ನಾನು ಹೋಗಿದ್ದೆ. ನಾನೂ ನಿನ್ನ ಚಿಕ್ಕಮ್ಮನೂ ಹನ್ನೊಂದು ದಿನ ಇಳಿಸಿದೆವು. ಬೆನ್ನು ನೋಯುತ್ತಿದೆ. ಬೆನ್ನು ನನ್ನದು, ಅದನ್ನು ನೀನು ತಲೆಗೆ ಹಚ್ಚಿಕೊಳ್ಳಬೇಡ.

ಮೊನ್ನೆ ತಮಯಾಮಾ ಬಂದ. ಚಪ್ಪಲಿ ಬಿಡುವಾಗಲೇ ಕೈಯಲ್ಲಿ ಕಾಗದ.

“ಒಂದೇ ಒಂದು ಸಹಿ ಅಕ್ಕಾ. ‘ನನ್ನ ಮಗಳು ಆಯಾಸದಲ್ಲಿ ತಪ್ಪು ಎಣಿಸಿದ್ದಾಳೆ’ ಅಂತ ಇದೆ, ಅಷ್ಟೇ. ಪತ್ರಿಕೇಲಿ ಒಂದು ಮೂಲೇಲಿ ಹಾಕ್ತೀವಿ. ನೀವು ಓದೋದೂ ಬೇಡ.”

“ಓದದೆ ಹೂಂ ಅನ್ನೋಕೆ ನಾನೇನು ನಿನ್ ಹೆಂಡ್ತಿನಾ?”

“ನಗಬೇಡಿ. ಅವಳು ನಮ್ ಹೊಟ್ಟೆ ಮೇಲೆ ಹೊಡೀತಿದಾಳೆ.”

“ನಿನ್ ಹೊಟ್ಟೆ ಮೇಲೆ ನಾಕು ಹೊಡೆದ್ರೂ ನಿಂಗೆ ಗೊತ್ತಾಗೋಕೆ ಒಂದು ವಾರ ಬೇಕು.”

ಅವನು ನಗಲಿಲ್ಲ. “ನೀವೇ ಬೆಳೀತೀರಿ, ನೀವೇ ಸೇದ್ತೀರಿ. ನಿಮಗ್ಯಾಕೆ ಈ ಹಟ?” ಅಂದ.

“ಬೆಳೀತೀನಿ. ಸೇದ್ತೀನಿ. ಬರೋ ವರ್ಷಾನೂ ನೆಡ್ತೀನಿ. ಅದು ಕೆಟ್ಟದ್ದು ಅಂತ ಗೊತ್ತಾದ್ರೆ ಗೊತ್ತಿಟ್ಕೊಂಡೇ ಸೇದ್ತೀನಿ. ಆದ್ರೆ ನನ್ ಮಗಳಿಗೆ ಎಣಿಸೋಕೆ ಬರಲ್ಲ ಅಂತ ಮಾತ್ರ ಬರ್ಕೊಡಲ್ಲ ಕಣಯ್ಯ.”

ಚಹಾ ಕುಡಿಯದೆ ಹೋದ.

ನೀನು ಹೇಳಿದ್ದೆಲ್ಲ ಸರಿ ಎಂದು ನಾನು ಒಪ್ಪಿಲ್ಲ. ಇಲಿಯ ತಲೆ ಇಲಿಯದು. ಆದರೆ ಈ ಸಲ ಆಯುವಾಗ ಎಡಗಡೆಯ ಕಂತೆ ನೋಡಿ ನೋಡಿ ಸಾಕಾಯಿತು. ಎಪ್ಪತ್ತೊಂದು ವರ್ಷದ ನನಗೆ ನನ್ನ ಕಸುಬನ್ನೇ ವಿವರಿಸಿ ಬರೆದಿದ್ದೀಯಲ್ಲ, ಎಷ್ಟು ಕೊಬ್ಬು ನಿನಗೆ.

ನಿನ್ನ ತಾಯಿ,
ಕಿನು

—

ಸೆಂಡೈ
ಜನವರಿ 25, 2009

ಅಮ್ಮ,

ಹೊಸ ವರ್ಷಕ್ಕೆ ನೀನು ಕಳಿಸಿದ ಅಕ್ಕಿಕಡುಬು ತಲುಪಿತು. ಅರ್ಧ ಯಹಾಬಾ ತಾತನಿಗೆ ಕೊಟ್ಟೆ.

ವಿಚಾರಣೆಗೆಂದು ಬೇರೆ ಊರಿನಿಂದ ಬಂದ ಇಬ್ಬರು ಸಂಶೋಧಕರು, ಲಕೋಟೆ ಮುಚ್ಚಿಟ್ಟು, ಅರವತ್ತನಾಲ್ಕನ್ನೂ ಮತ್ತೆ ಎಣಿಸಿದರು. ಎಂಟರಲ್ಲಿ ಎರಡು ಇಲಿಗಳ ಗಾಜುಗಳಲ್ಲಿ ಬಣ್ಣ ನಿಜಕ್ಕೂ ಹಿಡಿದಿರಲಿಲ್ಲ. ನಾನೇ ಕೂತು ನೋಡಿದೆ. ಹೌದು, ಹಿಡಿದಿಲ್ಲ. ಎಂಟೂ ಸರಿ ಎಂದು ಒಂದು ವರ್ಷದಿಂದ ಹಲ್ಲು ಕಚ್ಚಿಕೊಂಡು ಕೂತಿದ್ದವಳು ನಾನು. ಉಳಿದ ಆರು ಇಲಿಗಳ ಎಣಿಕೆ ನನ್ನದಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ಆ ಆರನ್ನು ಸೇರಿಸಿದರೂ ಕಡಿಮೆ ನಿಕೋಟಿನ್ ಹೊಸ ಕೋಶಗಳನ್ನು ತಗ್ಗಿಸಿದ್ದು ಕಾಣುತ್ತದೆ, ನಾನು ಹೇಳುತ್ತಿದ್ದಷ್ಟಲ್ಲದಿದ್ದರೂ.

ಈಗ ನನ್ನ ಮುಂದೆಯೂ ಒಂದು ಕಾಗದ ಬಂದಿದೆ. ಪ್ರಬಂಧವನ್ನು ತಿದ್ದಿ ಪ್ರಕಟಿಸಲು ಪ್ರೊಫೆಸರ್ ಒಪ್ಪಿದ್ದಾರೆ. ಆರು ಇಲಿಗಳೂ ಒಳಗೆ ಬರುತ್ತವೆ. ಆದರೆ ತಿದ್ದುಪಡಿಯ ಮೇಲೆ ‘ಎಣಿಸಿದವರ ತಪ್ಪಿನಿಂದಾಗಿ’ ಎಂದಿರುತ್ತದೆ. ಅದಕ್ಕೆ ನನ್ನ ಸಹಿ ಬೇಕು. ಮಾಡಿದರೆ ಮೂರು ವರ್ಷದ ಗುತ್ತಿಗೆ. ಮಾಡದಿದ್ದರೆ ಮಾರ್ಚ್ ಕೊನೆಗೆ ಕೆಲಸ ಮುಗಿಯುತ್ತದೆ, ತಿದ್ದುಪಡಿಯೂ ಯಾವಾಗ ಬರುವುದೋ ತಿಳಿಯದು.

ಸಹಿ ಮಾಡಬೇಕೆಂದು ದಿನಕ್ಕೆ ನಾಲ್ಕು ಸಲ ಅನ್ನಿಸುತ್ತದೆ. ಆರು ಇಲಿಗಳು ಒಳಗೆ ಬಂದರೆ ಸಾಲದೇ? ನನ್ನ ಹೆಸರು ಯಾವ ದೊಡ್ಡ ಹೆಸರು? ಎರಡು ಇಲಿಗಳ ಎಣಿಕೆ ತಪ್ಪಿದ್ದು ನಿಜ ತಾನೆ? ನನಗೆ ನಲವತ್ತಾರು. ಈ ವಯಸ್ಸಿನ ಎಣಿಸುವವಳಿಗೆ ಕೆಲಸ ಕೊಡುವವರು ಯಾರು?

ನೀನೇನು ಹೇಳುತ್ತೀಯ?

ಚಿಗುಸಾ

—

ಕಮಿಸಾವಾ
ಫೆಬ್ರುವರಿ 2

ಚಿಗುಸಾ,

ಏನೂ ಹೇಳುವುದಿಲ್ಲ. ಹೇಳಿದರೆ ಅಮ್ಮನ ಮಾತು ಕೇಳಿ ಮಾಡಿದೆ ಎಂದಾಗುತ್ತದೆ.

ಹಿಮ ಮೊಣಕಾಲಿನವರೆಗೆ ಬಿದ್ದಿದೆ. ಬೆನ್ನು ಈಗ ಪರವಾಗಿಲ್ಲ.

ಕಿನು

—

ಸೆಂಡೈ
ಫೆಬ್ರುವರಿ 16

ಪ್ರೊಫೆಸರ್ ಒಗಿನೊ ಅವರಿಗೆ,

ತಾವು ಕಳಿಸಿದ ಕಾಗದವನ್ನು ಸಹಿ ಮಾಡದೆ ಹಿಂತಿರುಗಿಸುತ್ತಿದ್ದೇನೆ.

ಎಂಟು ಇಲಿಗಳಲ್ಲಿ ಎರಡರ ಬಣ್ಣ ಕೆಟ್ಟಿತ್ತು. ಅದನ್ನು ಗಮನಿಸದೆ ಎಣಿಸಿದ್ದು ನನ್ನ ತಪ್ಪು. ಅಷ್ಟನ್ನು ನನ್ನ ಹೆಸರು ಹಾಕಿಯೇ ಬರೆಯಿರಿ, ಅದಕ್ಕೆ ಸಹಿ ಮಾಡುತ್ತೇನೆ. ಉಳಿದ ಆರನ್ನು ನಾನು ಸರಿಯಾಗಿ ಎಣಿಸಿದ್ದೆ. ಅವನ್ನು ಕೈಬಿಟ್ಟಿದ್ದು ಎಣಿಸಿದವಳಲ್ಲ. ಹೊರಗಿನಿಂದ ಬಂದವರ ಎಣಿಕೆ, ನನ್ನ ಎಣಿಕೆ, ಯಹಾಬಾ ಅವರ ಪುಸ್ತಕದ ಆ ಪುಟಗಳು, ಮೂರರ ಪ್ರತಿಯನ್ನೂ ಇವತ್ತು ಮಧ್ಯಾಹ್ನ ಅಂಚೆಯಲ್ಲಿ ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಕಳಿಸಿದ್ದೇನೆ. ಯಾವುದು ಯಾರ ತಪ್ಪು ಎಂದು ಅವರು ತೀರ್ಮಾನಿಸಲಿ. ತಡವಾದರೆ ಆಗಲಿ.

ಇದನ್ನು ತಮ್ಮ ಮೇಲಿನ ದ್ವೇಷದಿಂದ ಮಾಡುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಪೂರ್ತಿ ನಿಜವಲ್ಲವಾದ್ದರಿಂದ ಬರೆಯುವುದಿಲ್ಲ.

ಮಾರ್ಚ್ ಮೂವತ್ತೊಂದರವರೆಗೆ ಮೈಕ್ರೊಸ್ಕೋಪಿನ ಮುಂದಿನ ಕುರ್ಚಿ ನನ್ನದು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತೇನೆ. ಆ ಆರು ಇಲಿಗಳ ಗಾಜುಗಳನ್ನು ಮೇಜಿನ ಮೇಲೆಯೇ ಇಟ್ಟಿದ್ದೇನೆ. ಯಾರು ಬಂದು ಕೂತರೂ ತೋರಿಸುತ್ತೇನೆ. ತಾವು ಇನ್ನೂ ಎಣಿಸಿ ನೋಡಿಲ್ಲ. ಬರಬಹುದು.

ಎಣಿಸಿದವಳು,
ಫುರುದಾತೆ ಚಿಗುಸಾ